ಲಕ್ಷ್ಮಕ್ಕನ ಸೇರು

ಇಪ್ಪತ್ತು ವರ್ಷ ಊರೂರು ಅಲೆದು ಹೆಂಗಸರ ಸಭೆ ನಡೆಸಿದ ನಾಗರತ್ನಳಿಗೆ ಒಂದು ವಿದ್ಯೆ ಚೆನ್ನಾಗಿ ಕೈಹತ್ತಿತ್ತು. ಹೆಂಗಸರು ಕಾಳು ಹಾಕುವಾಗ ಅವಳು ಅವರಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದಳು. ಕೈ ಎತ್ತಿ ಅಂದರೆ ಯಾರೂ ಎತ್ತುವುದಿಲ್ಲ, ಅತ್ತೆಯ ಮುಖ ನೋಡುತ್ತಾರೆ. ಬಾಯಿಬಿಟ್ಟು ಹೇಳಿ ಅಂದರೆ ನೀವೇ ಹೇಳ್ರಿ ಅಂತಾರೆ. ಅದಕ್ಕೇ ಎರಡು ಪಾತ್ರೆ ಇಟ್ಟು, ತಲೆಗೊಂದು ಮೆಕ್ಕೆಜೋಳದ ಕಾಳು ಕೊಟ್ಟು, ಬೇಕಾದವರು ಇದಕ್ಕೆ ಹಾಕಿ, ಬೇಡವಾದವರು ಅದಕ್ಕೆ ಹಾಕಿ ಎಂದು ಹೇಳಿ ಗೋಡೆಯ ಕಡೆ ತಿರುಗಿಬಿಡುವುದು. ಕೊಳವೆಬಾವಿ ಎಲ್ಲಿ ತೆಗೆಯಬೇಕು, ಸಂಘಕ್ಕೆ ಯಾರು ಅಧ್ಯಕ್ಷೆ, ಎಲ್ಲವೂ ಹೀಗೇ ತೀರ್ಮಾನವಾಗಿದ್ದವು. ಬೆನ್ನು ಮಾಡಿ ನಿಂತವಳಿಗೆ ಬೆನ್ನ ಹಿಂದೆ ಏನು ನಡೆಯಿತೆಂದು ಗೊತ್ತಾಗುವುದಿಲ್ಲ ಅನ್ನುವ ಸಾದಾ ವಿಷಯ ಅವಳ ತಲೆಗೆ ಹೋದದ್ದು ಮಾತ್ರ ಈ ವರ್ಷ.

ಈ ವರ್ಷ ಕೇಳಬೇಕಾಗಿದ್ದ ಪ್ರಶ್ನೆ ಕೊಳವೆಬಾವಿಯದಲ್ಲ, ಸೂರ್ಯನದು.

ನಾಗರತ್ನ ಕೆಲಸ ಮಾಡುವ ಸಂಸ್ಥೆಯಿಂದ ಈ ಕೆಲಸದ ಮೇಲ್ವಿಚಾರಣೆಗೆ ಬಂದವನು ಮುಬಾರಕ್. ಹೊನ್ನಾಳಿಯ ಹುಡುಗ, ಮೂವತ್ತರ ಆಸುಪಾಸು, ಕಾಗದಪತ್ರದಲ್ಲಿ ಚುರುಕು, ಮನುಷ್ಯ ಒಳ್ಳೆಯವನು. ನಾಗರತ್ನಳನ್ನು ಅಕ್ಕಾ ಎಂದೇ ಕರೆಯುತ್ತಿದ್ದ. ಎಷ್ಟು ಕಷ್ಟದ ವಿಷಯವಾದರೂ ಹೆಂಗಸರಿಗೆ ತಿಳಿಯುವಂತೆ ಹೇಳುತ್ತಿದ್ದ.

"ವಿಮಾನದಾಗೆ ಬಾಳ ಮ್ಯಾಲೆ ಹೋಗಿ, ಮೋಡಕ್ಕಿಂತ ಮ್ಯಾಲೆ, ಸಣ್ಣ ಪುಡಿ ಹರಡ್ತಾರಂತೆ. ಅದು ಒಂದೀಟು ಬಿಸಿಲ್ನ ವಾಪಸ್ ಕಳಿಸ್ತದೆ, ಭೂಮಿ ತಣ್ಣಗಾಗ್ತದೆ ಅಂತ ಲೆಕ್ಕ. ಇನ್ನೂ ಯಾರೂ ದೊಡ್ಡದಾಗಿ ಮಾಡಿಲ್ರಿ. ಮಾಡ್ಬೇಕಾ ಬ್ಯಾಡ್ವಾ ಅಂತ ದೇಶ ದೇಶದಾಗೆ ಮಾತು ನಡದೈತೆ. ಬಿಸಿಲಾಗೆ ಬೇಯೋರ್ನ ಬಿಟ್ಟು ತಂಪಿನಾಗೆ ಕುಂತೋರೇ ಮಾತಾಡಿದ್ರೆ ಹೆಂಗೆ? ಅದಕ್ಕೇ ನಿಮ್ಮನ್ನ ಕೇಳಾಕೆ ಬಂದೀವಿ."

ನಾಲ್ಕು ತಾಲ್ಲೂಕಿಗೆ ನಾಲ್ಕು ಸಭೆ. ಚನ್ನಗಿರಿ ಕಡೆ ಬಸವಾಪಟ್ಟಣದಲ್ಲಿ ಅಡಿಕೆ ಸುಲಿಯುವ ಹೆಂಗಸರು, ಬಿಸಿಲು ಕಮ್ಮಿಯಾದರೆ ಬೇಯಿಸಿದ ಅಡಿಕೆ ಒಣಗಿಸುವುದೆಲ್ಲಿ ಎಂದು ಬೇಡವೇ ಬೇಡ ಅಂದರು. ಹೊನ್ನಾಳಿಯ ಸಾಸ್ವೆಹಳ್ಳಿಯಲ್ಲಿ ಅರ್ಧಕ್ಕರ್ಧ. ನ್ಯಾಮತಿಯ ಸವಳಂಗದಲ್ಲಿ ಕೂಲಿಗೆ ಹೋಗುವವರು ಬೇಕು ಅಂದರು, ಉಳಿದವರು ಬೇಡ ಅಂದರು, ಬೇಡ ಅಂದವರು ನಾಲ್ಕು ಜನ ಜಾಸ್ತಿ. ಮೂರೂ ಕಡೆ ಕಾಗದದ ಲೋಟದಲ್ಲಿ ಕಾಳು ಹಾಕಿಸಿದ್ದಾಯಿತು. ಕೊನೆಯದು ಜಗಳೂರು ತಾಲ್ಲೂಕಿನ ಕೆಂಚಗುಂಟೆ. ನಾಗರತ್ನ ಇರುವುದು ಜಗಳೂರಿನಲ್ಲೇ. ಕೆಂಚಗುಂಟೆಯ ಹೆಂಗಸರು ಅವಳಿಗೆ ಬರೀ ಗುರುತಿನವರಲ್ಲ, ಬೇಕಾದವರು.

ಆ ಸೋಮವಾರ ಸಮುದಾಯ ಭವನದಲ್ಲಿ ಮೂವತ್ತೊಂದು ಜನ ಸೇರಿದ್ದರು. ಮುಬಾರಕ್ ಇಲ್ಲಿಯೂ ಅದನ್ನೇ ಬಿಡಿಸಿ ಹೇಳಿದ. ಆಮೇಲೆ ಹಿರಿಯಳಾದ ಲಕ್ಷ್ಮಕ್ಕ, ಎಪ್ಪತ್ತು ದಾಟಿದವಳು, ಕೇಳಿದಳು.

"ಅದ್ನ ನಿಲ್ಸಾಕೆ ಬರ್ತದೇನಪ್ಪ, ಒಂದ್ಸಲ ಶುರು ಮಾಡಿದ್ ಮ್ಯಾಲೆ?"

ಮುಬಾರಕ್ ಸುಳ್ಳು ಹೇಳುವವನಲ್ಲ. "ಮಧ್ಯದಾಗೆ ದಿಢೀರ್ ಅಂತ ನಿಲ್ಸಿದ್ರೆ ತಡೆದಿಟ್ಟ ಸೆಕೆ ಒಮ್ಮೆಗೇ ಬರ್ತದೆ ಅಂತಾರಜ್ಜಿ. ಅದು ಇನ್ನೂ ಕಷ್ಟ."

"ಮಳೆ?"

"ಕೆಲವು ಕಡೆ ಹೆಚ್ಚಾಗ್ಬೋದು, ಕೆಲವು ಕಡೆ ಕಮ್ಮಿ ಆಗ್ಬೋದು. ಎಲ್ಲಿ ಅಂತ ಗಟ್ಟಿಯಾಗಿ ಯಾರಿಗೂ ಗೊತ್ತಿಲ್ಲ."

"ಮತ್ತೆ ಅದ್ರ ಬೀಗದಕೈ ಯಾರ ಸೆರಗಿನಾಗಿರ್ತದೆ?"

ಅದಿನ್ನೂ ತೀರ್ಮಾನವಾಗಿಲ್ಲ ಎಂದ ಮುಬಾರಕ್. ಭವನದೊಳಗೆ ಗುಜುಗುಜು ಎದ್ದಿತು. ಬರುವ ನಾಲ್ಕು ಹನಿಯೂ ಯಾರದೋ ಕೈಸೇರಿದರೆ ಗತಿಯೇನು ಎಂದು ಒಬ್ಬಳು, ಬೆಳಗಾದರೆ ಕೈಮುಗಿಯುವ ದೇವರಿಗೇ ಕೈ ಹಾಕುತ್ತಾರಲ್ಲ ಎಂದು ಇನ್ನೊಬ್ಬಳು. ಅವರ ದನಿಯಲ್ಲಿದ್ದ ಹೆದರಿಕೆ ನಾಗರತ್ನಳಿಗೂ ಹತ್ತಿತು. ಗೋಡೆಗೊರಗಿ ಕೂತಿದ್ದ ಕರಿಬಸಮ್ಮ ಮಾತ್ರ ತುಟಿ ಬಿಚ್ಚಲಿಲ್ಲ. ಅವಳ ತಾಯಿ ಚೌಡಕ್ಕ ಹೋದ ಏಪ್ರಿಲ್‌ನಲ್ಲಿ ಸುಡುಬಿಸಿಲಿನಲ್ಲಿ ಹೊಲದ ಬದುವಿನಲ್ಲಿ ಕುಸಿದು ಬಿದ್ದು, ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟಿದ್ದಳು.

ಕಾಳು ಹಾಕುವ ಹೊತ್ತಿಗೆ ಗಾಳಿ ಎದ್ದು ಕಾಗದದ ಲೋಟಗಳು ಹಾರಿ ಮೂಲೆ ಸೇರಿದವು. ನಾಗರತ್ನ ತನ್ನ ಊಟದ ಪ್ಲಾಸ್ಟಿಕ್ ಡಬ್ಬಿ ತೆಗೆದು ಇದು ಬೇಡ ಅನ್ನುವವರಿಗೆ ಅಂದಳು. ಇನ್ನೊಂದಕ್ಕೆ ಯಾವುದಾದರೂ ಪಾತ್ರೆ ಕೊಡ್ರಿ ಎಂದಳು. ಪಕ್ಕದ ಮನೆಯೇ ಲಕ್ಷ್ಮಕ್ಕನದು. ಅವಳ ಸೊಸೆ ಓಡಿಹೋಗಿ ಕಾಳು ಅಳೆಯುವ ಹಿತ್ತಾಳೆ ಸೇರನ್ನು ತಂದುಕೊಟ್ಟಳು. ತಳದಲ್ಲಿ ಒಂದು ಹಿಡಿ ಜೋಳ ಬಿಟ್ಟೇ ತಂದಿದ್ದಳು. ಲೆಕ್ಕ ತಪ್ಪಬಾರದಲ್ಲ ಎಂದು ನಾಗರತ್ನ ಸೇರನ್ನು ಬೋರಲು ಹಾಕಿ, ಎರಡು ಸಲ ತಟ್ಟಿ, ಒಂದು ಕಾಳೂ ಉಳಿಯದಂತೆ ಬರಿದು ಮಾಡಿ ಮೇಜಿನ ಮೇಲಿಟ್ಟಳು. ಇದು ಆಗಲಿ ಅನ್ನುವವರಿಗೆ ಎಂದು ಹೇಳಿ ಗೋಡೆಯ ಕಡೆ ತಿರುಗಿದಳು.

ಬೆನ್ನ ಹಿಂದೆ ಮೊದಲು ಡಬ್ಬಿಯ ಸಪ್ಪೆ ಸದ್ದು ಕೇಳಿತು. ಒಂದು, ಎರಡು, ಏಳು, ಎಂಟು. ಹಿತ್ತಾಳೆ ಒಮ್ಮೆಯೂ ಸದ್ದು ಮಾಡಲಿಲ್ಲ. ಅಷ್ಟರಲ್ಲಿ ಏನೋ ಪಿಸುಮಾತು. ಆಮೇಲೆ ಸೇರಿನಲ್ಲಿ ಟಿಣ್ ಅಂತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಕೊನೆಯವರೆಗೂ ಹಿತ್ತಾಳೆಯದೇ ಸದ್ದು. ತಿರುಗಿ ಎಣಿಸಿದರೆ ಡಬ್ಬಿಯಲ್ಲಿ ಎಂಟು, ಸೇರಿನಲ್ಲಿ ಇಪ್ಪತ್ತಮೂರು.

ನಾಗರತ್ನಳಿಗೆ ಆಶ್ಚರ್ಯವಾಯಿತು. ಆದರೆ ಬಾಯಲ್ಲಿ ಒಂದು ಹೇಳಿ ಕಾಳಿನಲ್ಲಿ ಇನ್ನೊಂದು ಹೇಳುವುದನ್ನು ಅವಳು ಎಷ್ಟು ಸಲ ಕಂಡಿಲ್ಲ? ಅದಕ್ಕೇ ಅಲ್ಲವೇ ಬೆನ್ನು ಮಾಡುವುದು? ಚೌಡಕ್ಕನ ಸಾವು ಎಲ್ಲರ ಮನಸ್ಸಿನಲ್ಲೂ ಕೂತಿದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮುಬಾರಕ್‌ನ ಮುಖ ಅರಳಿತ್ತು. ನಾಲ್ಕರಲ್ಲಿ ಮಳೆ ತೀರಾ ಕಮ್ಮಿ ಇರುವ ತಾಲ್ಲೂಕು ಇದು, ಇವರೇ ಆಗಲಿ ಅಂದಿದ್ದಾರೆ ಅಂದರೆ ಮೇಲಿನವರು ಇದನ್ನೇ ಎತ್ತಿ ಹಿಡಿಯುತ್ತಾರೆ ಎಂದ. ಡಬ್ಬಿಯನ್ನೂ ಸೇರನ್ನೂ ಅಕ್ಕಪಕ್ಕ ಇಟ್ಟು ಫೋಟೊ ತೆಗೆದ. ಕಚೇರಿಯಲ್ಲಿ ಇನ್ನೊಮ್ಮೆ ಎಣಿಸಿ ದಾಖಲು ಮಾಡಬೇಕು ಎಂದು ಸೇರನ್ನು ಕಾಳಿನ ಸಮೇತ ಕೇಳಿದ. ಲಕ್ಷ್ಮಕ್ಕ ಒಲ್ಲದ ಮನಸ್ಸಿನಿಂದ ಕೊಟ್ಟಳು.

ಬುಧವಾರ ಬೆಳಿಗ್ಗೆ ಸೇರು ವಾಪಸ್ ಕೊಡಲು ನಾಗರತ್ನ ಮನೆಯಿಂದ ಹೊರಟಳು. ಕಾಳುಗಳನ್ನು ಕಚೇರಿಯವರು ಚೀಲದಲ್ಲಿ ಕಟ್ಟಿ ಇಟ್ಟುಕೊಂಡಿದ್ದರು, ಸೇರು ಖಾಲಿಯಿತ್ತು. ಖಾಲಿ ಸೇರು ಹೇಗೆ ಕೊಡುವುದು ಎಂದು ಅಡುಗೆಮನೆಗೆ ಹೋಗಿ ಒಂದು ಹಿಡಿ ಅಕ್ಕಿ ಹಾಕಿದಳು. ಅಕ್ಕಿ ತಳ ಮುಟ್ಟಿ ಟಿಣ್ ಅಂತು.

ಹಾಕಿದ ಕೈ ಅಲ್ಲೇ ನಿಂತಿತು.

ಮದುವೆಯಾಗಿ ಬಂದ ದಿನ ಹೊಸಿಲಲ್ಲಿ ಅಕ್ಕಿ ತುಂಬಿದ ಸೇರನ್ನು ತಾನೇ ಕಾಲಿನಿಂದ ನೂಕಿ ಒಳಗೆ ಬಂದಿದ್ದಳು. ಸೇರು ಬರಿದಾಗಿ ಬಾಯಿಬಿಟ್ಟುಕೊಂಡು ಕೂತಿದ್ದರೆ ಆ ಮನೆಯ ಅನ್ನ ಹೋಯಿತು ಅಂತ ಅರ್ಥ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಕೈಗೇ ಗೊತ್ತಿರುತ್ತದೆ. ಈಗ ಅವಳ ಕೈ ಅಕ್ಕಿ ಹಾಕಿತಲ್ಲ, ಹಾಗೆ. ಮೂವತ್ತೊಂದು ಹೆಂಗಸರ ಮುಂದೆ ಲಕ್ಷ್ಮಕ್ಕನ ಮನೆಯ ಸೇರನ್ನು ತಟ್ಟಿ ತಟ್ಟಿ ಬರಿದು ಮಾಡಿ ಇಟ್ಟವಳು ತಾನೇ. ಇಟ್ಟು ಗೋಡೆ ನೋಡುತ್ತ ನಿಂತವಳೂ ತಾನೇ.

ಸ್ಕೂಟಿ ಹೇಗೆ ಓಡಿಸಿಕೊಂಡು ಹೋದಳೋ ಅವಳಿಗೇ ತಿಳಿಯದು. ಲಕ್ಷ್ಮಕ್ಕ ಜಗುಲಿಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಸೇರಿನೊಳಗೆ ಅಕ್ಕಿ ಕಂಡು ಅವಳ ಮುಖ ತಿಳಿಯಾಯಿತು.

"ಅಜ್ಜಿ, ಅವತ್ತು ನೀನು ಕಾಳು ಯಾವುದಕ್ಕೆ ಹಾಕಿದೆ?"

"ಸೇರಿಗೆ ಹಾಕಿದ್ನವ್ವ. ಎಲ್ರೂ ನಿನ್ನ ಡಬ್ಬಿಗೇ ಹಾಕ್ತಾ ಹೋದ್ರು. ನನ್ನ ಪಾಳಿ ಬಂದಾಗ ನೋಡ್ತೀನಿ, ನಮ್ಮ ಸೇರು ಬಾಯಿ ಬಿಟ್ಕೊಂಡು ಕುಂತೈತೆ. ಜೀವ ಝಲ್ ಅಂತು. ನಾನು ಹಾಕಿದ್ ಮ್ಯಾಲೆ ಉಳಿದೋರೂ ತಳ ಮುಚ್ಲಿ ಅಂತ ಇದಕ್ಕೇ ಹಾಕಿದ್ರು. ಒಳ್ಳೆ ಹುಡುಗೇರು."

"ಅದು ಆಗ್ಲಿ ಅನ್ನೋರು ಹಾಕೋ ಪಾತ್ರೆ ಅಂತ ನಾನು ಹೇಳಿದ್ನಲ್ಲ ಅಜ್ಜಿ!"

"ಹೇಳಿದ್ದೆ. ಬ್ಯಾಡ ಅಂತ ಅಷ್ಟೊತ್ತು ಬಾಯಿಲೇ ಹೇಳಿದ್ವಲ್ಲ, ಆ ಹುಡುಗ ಬರ್ಕೊಂಡ. ಕಾಳಿಂದು ಏನೈತೆ ಬಿಡು."

ನಾಗರತ್ನ ಸೇರನ್ನು ಜಗುಲಿಯ ಮೇಲಿಟ್ಟು ಬೀದಿಗೆ ಇಳಿದಳು. ಬಿಸಿಲು ಸುಡುತ್ತಿತ್ತು. ಅವಳು ತಲೆ ಎತ್ತಿ ನೋಡಿದಳು. ಹುಟ್ಟಿದಾಗಿನಿಂದ ತಲೆಯ ಮೇಲಿದ್ದ ಆಕಾಶ ಅದು, ಅದಕ್ಕೆ ಹೆದರಬೇಕು ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಈಗ ಹೆದರಿಕೆಯಾಯಿತು. ಅಲ್ಲಿ ಯಾರಾದರೂ ಏನಾದರೂ ಮಾಡಿದರೆ, ನಾಳೆ ಮಳೆ ತಪ್ಪಿದರೆ, ಕೆಂಚಗುಂಟೆಯವರೇ ಒಪ್ಪಿದ್ದರು ಅಂತಾರೆ. ಒಪ್ಪಿಸಿದವಳು ಯಾರು ಅಂದರೆ ಎಣಿಕೆಯ ಹಾಳೆಯ ಮೇಲೆ ಅವಳ ಸಹಿ ಇದೆ.

ಅಲ್ಲಿಂದಲೇ ಮುಬಾರಕ್‌ಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ಅಕ್ಕಾ, ವರದಿ ನಿನ್ನೇನೇ ಹೋಗೈತೆ. ಶುಕ್ರವಾರ ಮಧ್ಯಾಹ್ನ ಈ ಪುಡಿ ವಿಚಾರಕ್ಕೆ ಹೊರದೇಶದಾಗೆ ಸಭೆ. ಫೋಟೊ ಅವ್ರಿಗೆ ಬಾಳ ಹಿಡಿಸೈತೆ. ಊರಿನೋರ್ನ ವಿಡಿಯೊದಾಗೆ ತೋರಿಸ್ರಿ, ಎರಡು ನಿಮಿಷ ಮಾತಾಡ್ಲಿ, ಆ ಸೇರೂ ಮುಂದೆ ಇರ್ಲಿ ಅಂದಾರೆ."

"ತಪ್ಪಾಗೈತೆ ಅಂತ ಅವ್ರಿಗೆ ಬರೀರಿ ಸರ್."

ಅವನು ಬರೆದ. ಸಂಜೆಗೆ ಉತ್ತರ ಬಂತು. ಗಮನಕ್ಕೆ ತಂದದ್ದಕ್ಕೆ ವಂದನೆ, ಈ ಸಭೆಯ ಕಾಗದಗಳು ಅಚ್ಚಾಗಿವೆ, ಮುಂದಿನ ವರದಿಯಲ್ಲಿ ತಿದ್ದೋಣ ಎಂದಿತ್ತು. ಮುಬಾರಕ್ ಇನ್ನೊಂದು ಮಾತು ಹೇಳಿದ, ಅದು ನಾಗರತ್ನಳ ನಿದ್ದೆ ಕೆಡಿಸಿತು. "ಜೋರು ಮಾಡಿದ್ರೆ ನಾಲ್ಕೂ ಊರಿನ ಲೆಕ್ಕ ತೆಗೆದು ಹಾಕ್ತಾರಕ್ಕಾ. ಇಂಥೋರ್ನ ಕೇಳಿ ಏನ್ ಉಪಯೋಗ ಅಂತಾರೆ. ಆಮೇಲೆ ಯಾರೂ ಕೇಳಾಕೇ ಬರಲ್ಲ." ಹೇಳಿದರೂ ಕಷ್ಟ, ಬಿಟ್ಟರೂ ಕಷ್ಟ. ಕೆಂಚಗುಂಟೆಗೆ ಹೋಗಿ ವಿಷಯ ತಿಳಿಸುವ ಧೈರ್ಯ ಗುರುವಾರವಿಡೀ ಬರಲಿಲ್ಲ. ಆ ಹೆಂಗಸರ ಮುಖ ನೋಡಿ ಏನಂತ ಹೇಳುವುದು? ನೀವು ಸೇರಿನ ಮರ್ಯಾದೆ ಕಾದಿರಿ, ನಾನು ನಿಮ್ಮ ಮಾತಿನ ಮರ್ಯಾದೆ ಕಳೆದೆ ಅಂತಲೇ? ಹೇಡಿ ಎಂದು ತನ್ನನ್ನು ತಾನೇ ಬೈದುಕೊಂಡಳು. ಬೈದುಕೊಂಡರೂ ಹೋಗಲಿಲ್ಲ.

ಶುಕ್ರವಾರ ಮೂರು ಗಂಟೆಗೆ ಭವನದಲ್ಲಿ ಪರದೆ ಕಟ್ಟಿ, ಲ್ಯಾಪ್‌ಟಾಪ್ ಇಟ್ಟು ಮುಬಾರಕ್ ತಯಾರಾಗಿದ್ದ. ಹೆಂಗಸರು ಒಳ್ಳೆ ಸೀರೆ ಉಟ್ಟು ಬಂದಿದ್ದರು. ಲಕ್ಷ್ಮಕ್ಕ ಸೇರನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿ, ಅರಿಶಿನ ಕುಂಕುಮ ಇಟ್ಟು, ಗೋಪುರ ಬರುವಂತೆ ಮೆಕ್ಕೆಜೋಳ ತುಂಬಿ ತಂದು ಕ್ಯಾಮೆರಾದ ಎದುರು ಇಟ್ಟಳು. ನಾಗರತ್ನಳಿಗೆ ಅದರ ಕಡೆ ಕಣ್ಣು ಹಾಯಿಸಲು ಆಗಲಿಲ್ಲ.

ಪರದೆಯ ಮೇಲೆ ದೊಡ್ಡ ಸಭಾಂಗಣ ಮೂಡಿತು. ಎಲ್ಲೆಲ್ಲಿಯದೋ ಜನ, ಬಗೆಬಗೆಯ ಉಡುಪು. ಬೆಳ್ಳಿ ಕೂದಲಿನ ಹೆಂಗಸೊಬ್ಬಳು ನಿಂತು ಇಂಗ್ಲಿಷಿನಲ್ಲಿ ಓದುತ್ತಿದ್ದಳು. ಅವಳ ಹಿಂದೆ ಒಂದೊಂದೇ ಚಿತ್ರ ಬರುತ್ತಿತ್ತು. ಯಾವುದೋ ದ್ವೀಪ, ಯಾವುದೋ ಮರುಭೂಮಿ. ಆಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ, ಅದರ ಪಕ್ಕ ಹಿತ್ತಾಳೆ ಸೇರು.

"ನಮ್ಮ ಸೇರು!" ಲಕ್ಷ್ಮಕ್ಕ ಕೂಗಿಯೇಬಿಟ್ಟಳು. ಹೆಂಗಸರು ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. ಅಲ್ಲಿ ಸಭಾಂಗಣದಲ್ಲಿ ಚಪ್ಪಾಳೆ ಬಿತ್ತು. ಅದನ್ನು ಕೇಳಿ ಇಲ್ಲಿಯೂ ಚಪ್ಪಾಳೆ ತಟ್ಟಿದರು. ತಮ್ಮ ಬಾಯಿ ಕಟ್ಟಿದ್ದಕ್ಕೆ ತಾವೇ ಚಪ್ಪಾಳೆ ತಟ್ಟುವುದನ್ನು ನೋಡಿ ನಾಗರತ್ನ ತನ್ನ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು.

"ಏನಂದ್ರವ್ವ ನಮ್ಮೂರ ಬಗ್ಗೆ?" ಲಕ್ಷ್ಮಕ್ಕ ನಗುತ್ತಲೇ ಕೇಳಿದಳು.

ಮುಬಾರಕ್ ನಾಗರತ್ನಳ ಮುಖ ನೋಡಿದ. ಸುಮ್ಮನಿರಿ ಎಂದೂ ಹೇಳಲಿಲ್ಲ, ಹೇಳಿ ಎಂದೂ ಹೇಳಲಿಲ್ಲ. ನಾಗರತ್ನ ಲಕ್ಷ್ಮಕ್ಕನ ಕಡೆ ತಿರುಗಿದಳು.

"ಆಕಾಶದಾಗೆ ಪುಡಿ ಹಾಕೋದಕ್ಕೆ ನಾವು ಒಪ್ಪೀವಿ ಅಂದ್ರಜ್ಜಿ. ಸೇರಿನಾಗಿನ ಕಾಳು ಎಣಿಸಿ ಹಂಗಂದ್ರು. ತಪ್ಪು ನಂದೇ. ಸೇರು ಬರಿದು ಮಾಡಿ ಇಟ್ಟೋಳು ನಾನು."

ನಗು ನಿಂತಿತು. ಮುಂದಿನ ಸಾಲಿನ ಹೆಂಗಸೊಬ್ಬಳು ಮೆಲ್ಲಗೆ, "ನಾನು ಡಬ್ಬಿಗೆ ಹಾಕ್ಬೇಕಂತ ಕೈ ಚಾಚಿದ್ದೆ. ಅಜ್ಜಿ ಸೇರು ನೋಡಿ ಕೈ ತಿರುಗಿಸ್ದೆ" ಅಂದಳು. ನಾನೂ, ನಾನೂ ಎಂದು ಹಿಂದಿನಿಂದ ದನಿಗಳು ಬಂದವು. ಲಕ್ಷ್ಮಕ್ಕ ಎಲ್ಲರನ್ನೂ ನೋಡಿದಳು.

"ಅಂದ್ರೆ ನಮ್ಮ ಮನಿ ಸೇರು ಹಿಡ್ಕೊಂಡು ಸೂರ್ಯನ ಸುದ್ದಿಗೆ ಹೋದ್ರೇನು ಅವ್ರು?"

"ಅಕ್ಕಾ, ಈಗ ನಮ್ಮ ಪಾಳಿ," ಎಂದ ಮುಬಾರಕ್. ಪರದೆಯ ಮೂಲೆಯಲ್ಲಿ ಈ ಭವನವೇ ಕಾಣಿಸಿತು, ತುಂಬಿದ ಸೇರಿನ ಸಮೇತ. ಎರಡು ನಿಮಿಷ.

ಲಕ್ಷ್ಮಕ್ಕ ಎದ್ದಳು. ಮೇಜಿನ ಹತ್ತಿರ ಬಂದು ಸೇರಿನ ಮೇಲೆ ಎರಡೂ ಕೈ ಇಟ್ಟಳು. ಏನು ಮಾಡುತ್ತಾಳೆಂದು ಎಲ್ಲರಿಗಿಂತ ಮೊದಲು ಅರ್ಥವಾದದ್ದು ಅವಳ ಸೊಸೆಗೆ. "ಬ್ಯಾಡತ್ತೀ, ಮನಿಗೆ ಒಳ್ಳೇದಲ್ಲ!" ಎಂದು ಚೀರಿದಳು. ಅಷ್ಟರಲ್ಲಿ ಸೇರು ಬೋರಲಾಗಿತ್ತು. ಜೋಳ ಮೇಜಿನಿಂದ ನೆಲಕ್ಕೆ ಸುರಿದು ಚೆಲ್ಲಾಡಿತು. ಲಕ್ಷ್ಮಕ್ಕ ಸೇರಿನ ತಳವನ್ನು ಎರಡು ಸಲ ತಟ್ಟಿದಳು, ನಾಗರತ್ನ ಅವತ್ತು ತಟ್ಟಿದ ಹಾಗೆಯೇ. ಆಮೇಲೆ ಅದನ್ನು ಬಾಯಿ ಮೇಲೆ ಮಾಡಿ, ಬರಿದಾಗಿ, ಕ್ಯಾಮೆರಾದ ಎದುರು ಇಟ್ಟಳು. ಹೆಂಗಸರು ಅಯ್ಯೋ ಎಂದು ಬಾಯಿಗೆ ಸೆರಗು ಒತ್ತಿಕೊಂಡರು.

ಪರದೆಯಲ್ಲಿ ಮಂದಿ ನಗುಮುಖ ಮಾಡಿದರು. ಯಾರೋ ಚಪ್ಪಾಳೆ ಶುರು ಮಾಡಿದರು. ಧಾನ್ಯ ಚೆಲ್ಲಿ ಹರಸಿದಳು ಎಂದುಕೊಂಡರೋ ಏನೋ.

"ಹೇಳ್ರಿ ಸರ್," ಎಂದಳು ನಾಗರತ್ನ. ಅವಳ ದನಿ ಅವಳಿಗೇ ಹೊಸದಾಗಿತ್ತು. "ನಿಮ್ಮನ್ಯಾಗೂ ಸೇರು ಐತೆ. ನೀವೇ ಹೇಳ್ರಿ."

ಮುಬಾರಕ್ ಮೈಕ್ ಹತ್ತಿರ ಎಳೆದುಕೊಂಡ. ಹೊನ್ನಾಳಿಯ ಅವರ ಮನೆಯಲ್ಲಿ ಅವನ ತಾಯಿಯೂ ಅಕ್ಕಿ ಅಳೆದ ಮೇಲೆ ಒಂದು ಹಿಡಿ ಸೇರಿನಲ್ಲಿ ಬಿಟ್ಟೇ ಏಳುವವಳು. ಬರಿದಾದ ಸೇರಿನ ಅರ್ಥವನ್ನೂ ಆ ಇಪ್ಪತ್ತಮೂರು ಕಾಳು ಅದರೊಳಗೆ ಬಿದ್ದ ಬಗೆಯನ್ನೂ ಅವನು ಇಂಗ್ಲಿಷಿನಲ್ಲಿ ನಿಧಾನಕ್ಕೆ ಹೇಳತೊಡಗಿದ. ಹೇಳುತ್ತ ಹೇಳುತ್ತ ಅಲ್ಲಿ ಚಪ್ಪಾಳೆ ನಿಂತಿತು, ಮುಖಗಳು ಗಂಭೀರವಾದವು. ಬೆಳ್ಳಿ ಕೂದಲಿನವಳು ಮುಂದಕ್ಕೆ ಬಾಗಿ ಏನೋ ಕೇಳಿದಳು.

"ಎಲ್ರೂ ಬ್ಯಾಡ ಅಂತೀರೇನು ಅಂತ ಕೇಳ್ತಾರೆ."

"ನಾನು ನನ್ನ ಒಂದು ಕಾಳಿನ ಮಾತು ಆಡ್ತೀನಪ್ಪ," ಎಂದಳು ಲಕ್ಷ್ಮಕ್ಕ. "ಬೀಗದಕೈ ಯಾರ ಹತ್ರ ಇರ್ತದೆ ಅಂತ ಹೇಳೋತನಕ ನನ್ನ ಕಾಳು ಸೇರಿಗೆ ಬೀಳಲ್ಲ. ಉಳಿದೋರ್ದು ಅವ್ರೇ ಹೇಳ್ಲಿ."

ಒಬ್ಬೊಬ್ಬರೇ ಎದ್ದು ಬೇಡ, ಬೇಡ ಎಂದರು. ಈ ಸಲ ನಾಗರತ್ನ ಬೆನ್ನು ಮಾಡಲಿಲ್ಲ. ಗೋಡೆಯ ಹತ್ತಿರದಿಂದ ಕರಿಬಸಮ್ಮ ಎದ್ದಳು. "ನಾನು ಆಗ್ಲಿ ಅಂತ್ಲೇ ಹಾಕಿದ್ದೆ. ನಮ್ಮವ್ವ ಬಿಸಿಲಿಗೆ ಸತ್ತಳು. ನಂದು ಬರ್ಕೊಳ್ಳಿ" ಎಂದು ಅಳುತ್ತ ಕೂತಳು. ಲಕ್ಷ್ಮಕ್ಕ ಹೋಗಿ ಅವಳ ತಲೆ ಮುಟ್ಟಿ ಬಂದಳು. ಮುಬಾರಕ್ ಅದನ್ನೂ ಹೇಳಿದ.

ಎರಡು ನಿಮಿಷ ಯಾವಾಗಲೋ ಮುಗಿದಿತ್ತು. ಆದರೂ ಅಲ್ಲಿ ಯಾರೂ ಸಂಪರ್ಕ ಕಡಿಯಲಿಲ್ಲ. ಬೆಳ್ಳಿ ಕೂದಲಿನವಳು ಪೆನ್ನು ಹಿಡಿದಿದ್ದಳು, ಪಕ್ಕದವರೊಡನೆ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದಳು. ಏನಂತ ಬರೆಯುತ್ತಾಳೋ, ಬರೆಯುತ್ತಾಳೋ ಇಲ್ಲವೋ ತಿಳಿಯಲಿಲ್ಲ. ಮೇಜಿನ ಮೇಲೆ ಸೇರು ಖಾಲಿ ಕೂತಿತ್ತು. ಅದರೊಳಗಿನ ಕತ್ತಲನ್ನು ನೋಡಲಾರದೆ ಹೆಂಗಸರು ನೆಲ ನೋಡುತ್ತಿದ್ದರು. ಸೊಸೆ ಬಿಕ್ಕುತ್ತಿದ್ದಳು. ಲಕ್ಷ್ಮಕ್ಕ ಬಾಗಿ ನೆಲದಿಂದ ಒಂದು ಹಿಡಿ ಜೋಳ ಬಳಿದುಕೊಂಡು, ಮುಷ್ಟಿ ಬಿಗಿ ಹಿಡಿದು ನಾಗರತ್ನಳ ಪಕ್ಕಕ್ಕೆ ಬಂದಳು. ಜೀವಮಾನವಿಡೀ ಯಾರಿಗೂ ಹೆದರದ ಮುದುಕಿಯ ಕಣ್ಣಲ್ಲಿ ಹೆದರಿಕೆ ನಿಂತಿತ್ತು.

"ಈಗ ಹಾಕ್ಲೇನವ್ವ?" ಎಂದು ಪಿಸುಗುಟ್ಟಿದಳು.

ನಾಗರತ್ನ ಅವಳ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಇನ್ನೊಂದೀಟು ತಡಿ ಅಜ್ಜಿ. ಅವ್ರು ಬರ್ಕೊಳ್ಳಿ."